ಶಂಭುಲಿಂಗಪ್ಪನ ಕಣ್ಣಿನ ದಪ್ಪ

ಸಾವ್ಕಾರ್ ಶಾಂತಮಲ್ಲಪ್ಪನವರ ಬಸ್ಸಿನ ಹಳೆಯ ಡ್ರೈವರು ತೆರಕಣಾಂಬಿ ದಾಟಿದ ಮೇಲೆ ಒಂದು ಹುಲ್ಲಿನ ಮೆದೆಯನ್ನು ರಸ್ತೆಯೆಂದು ತಿಳಿದು ಬಸ್ಸನ್ನು ಅದರೊಳಕ್ಕೇ ನುಗ್ಗಿಸಿಬಿಟ್ಟ. ಯಾರಿಗೂ ಏನೂ ಆಗಲಿಲ್ಲ. ಆದರೆ ಸಾವ್ಕಾರರು ಅವನನ್ನು ಮನೆಗೆ ಕಳಿಸಿ, ಇನ್ನು ಮುಂದೆ ಕಣ್ಣಿನ ಡಾಕ್ಟರ ಕಾಗದವಿಲ್ಲದವನಿಗೆ ಸ್ಟೇರಿಂಗ್ ಮುಟ್ಟಗೊಡುವುದಿಲ್ಲ ಎಂದು ಶಪಥ ಮಾಡಿದರು.

ಶಂಭುಲಿಂಗಪ್ಪ ಅದೇ ಬಸ್ಸಿನ ಕ್ಲೀನರು, ಉಮ್ಮತ್ತೂರಿನವನು. ಏಳು ವರ್ಷದಿಂದ ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಫುಟ್‌ಬೋರ್ಡಿನ ಮೇಲೆ ನೇತಾಡಿ ನೇತಾಡಿ, ಡ್ರೈವಿಂಗ್ ಲೈಸೆನ್ಸನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿಟ್ಟುಕೊಂಡು ಕಾದಿದ್ದ. ಅವನ ಕಣ್ಣಿಗೆ ಏನೂ ಕೊರತೆಯಿರಲಿಲ್ಲ. ದೂರದಲ್ಲಿ ಕೈ ಅಡ್ಡ ಹಾಕಿದವನು ಟಿಕೆಟ್ ತೆಗೆದುಕೊಳ್ಳುವವನೋ ಪುಕ್ಕಟೆ ಹತ್ತುವ ಸಾವ್ಕಾರರ ನೆಂಟನೋ ಎಂದು ಮೈಲಿ ಆಚೆಯಿಂದಲೇ ಹೇಳಬಲ್ಲವನಾಗಿದ್ದ.

"ಗುಂಡ್ಲುಪೇಟೆ ಇಸ್ಕೂಲ್ಗೆ ಮೈಸೂರಿಂದ ಕಣ್ಣಿನ್ ಡಾಕ್ಟ್ರು ಬಂದವ್ರೆ ಕಣ್ಲಾ," ಎಂದರು ಸಾವ್ಕಾರರು. "ಸಾಯಂಕಾಲ ಐದ್ ಗಂಟೆ ಬಸ್ ಒಂಡೋದ್ರೊಳ್ಗೆ ಕಾಗ್ದ ತತ್ತಾ. ಇವತ್ತಿಂದ್ಲೇ ನೀನೇ ಡ್ರೈವರು. ತರ್ನಿಲ್ಲ ಅಂದ್ರೆ ನನ್ನ ಬಾಮೈದ ಕಾಯ್ತಾ ಕುಂತವ್ನೆ."

ಸ್ಕೂಲಿಗೆ ಬಂದಿದ್ದ ಡಾಕ್ಟರು ಒಬ್ಬರಲ್ಲ, ಇಬ್ಬರು. ಕಣ್ಣುಗುಡ್ಡೆಯ ಮುಂದೆ ಗಾಜಿನಂಥ ಒಂದು ಪದರವಿದೆಯಲ್ಲ, ಅದರ ದಪ್ಪ ಅಳೆಯುವುದರಲ್ಲಿ ಇಬ್ಬರಿಗೂ ಜಿದ್ದು. ಹಿರಿಯರದು ಹಿತ್ತಾಳೆ ತಿರುಪಿನ ದುರ್ಬೀನು. ಪದರದ ಮುಂಭಾಗ ನೋಡಿ, ಹಿಂಭಾಗ ನೋಡಿ, ತಿರುಪು ಎಷ್ಟು ಸರಿಯಿತು ಎಂದು ಲೆಕ್ಕ ಹಾಕುವುದು. ಕಿರಿಯರದು ಹೊಸ ಪದ್ಧತಿ. ಗಾಜಿನ ಬಿಲ್ಲೆ ವಾಲಿಸಿ ಎರಡು ಬಿಂಬಗಳ ಅಂಚು ಕೂಡಿಸುವುದು. ಯಾವುದು ಸರಿಯೆಂದು ತೀರ್ಮಾನಿಸಲು ಒಂದು ಒಳ್ಳೆಯ ಕಣ್ಣು ಬೇಕಾಗಿತ್ತು. ಎರಡು ದಿನದಿಂದ ಬಂದವರದೆಲ್ಲ ಪೊರೆಗಣ್ಣು, ಕೀವುಗಣ್ಣು.

ಶಂಭುಲಿಂಗಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿದ್ದೇ ತಡ, ಇಬ್ಬರೂ ಕುರ್ಚಿ ಬಿಟ್ಟು ಎದ್ದು ನಿಂತರು. ಜನ್ಮದಲ್ಲಿ ಅವನಿಗಾಗಿ ಯಾರೂ ಎದ್ದು ನಿಂತಿರಲಿಲ್ಲ. ಪಾಪ, ಉಬ್ಬಿಹೋದ.

ಕಣ್ಣು ಮರಗಟ್ಟಲು ಹನಿ ಬಿದ್ದಿತು. ಹಿರಿಯರು ಅಳೆದು "ಪಾಯಿಂಟ್ ಐದು ಒಂದು" ಎಂದರು. ಮತ್ತೆ ಹನಿ ಬಿದ್ದಿತು. ಕಿರಿಯರು ಅಳೆದು "ಪಾಯಿಂಟ್ ಐದು ಆರು" ಎಂದರು.

"ನಿಮ್ಮ ಬಿಲ್ಲೆ ವಾಲಿದ್ದು ಹೆಚ್ಚಾಯಿತು."

"ತಮ್ಮ ತಿರುಪು ಸವೆದಿದೆ, ಸಾರ್."

ಮತ್ತೆ ಹನಿ, ಮತ್ತೆ ಅಳತೆ. ಮಧ್ಯಾಹ್ನವಾಯಿತು. ಹೊರಗೆ ಕಾದಿದ್ದವರು ಕಿಟಕಿಗೆ ಮುತ್ತಿಕೊಂಡರು.

"ಏನಪ್ಪಾ ಅಳೀತಾವ್ರೆ ಅಷ್ಟೊತ್ನಿಂದ?" ಎಂದಳು ಪೊರೆ ತೆಗೆಸಲು ಬಂದಿದ್ದ ಮೂಗಮ್ಮ.

"ಕಣ್ಣಿನ್ ದಪ್ಪ ಕಣವ್ವಾ. ಒಬ್ರು ಎಚ್ಚು ಅಂತಾರೆ, ಒಬ್ರು ಕಮ್ಮಿ ಅಂತಾರೆ," ಎಂದ ಶಂಭುಲಿಂಗಪ್ಪ.

"ಈರುಳ್ಳಿ ಸಿಪ್ಪೆಗಿಂತ ತೆಳ್ಳಗದಂತಾ?" ಎಂದು ಕೇಳಿದ ಈರುಳ್ಳಿ ವ್ಯಾಪಾರದ ಪುಟ್ಟಮಾದು. "ಉಸಾರು ಕಣ್ಲಾ! ಬಿಸ್ಲಲ್ಲಿ ಬಸ್ ಓಡ್ಸುದ್ರೆ ಒಡ್ದೋಗ್ಬುಡ್ತದೆ!"

ಮೂಗಮ್ಮ ಲೊಚಗುಟ್ಟಿ, "ಅಯ್ಯೋ ಮಗಾ, ಮದ್ವೆ ಆಗಿದ್ದೀಯಾ?" ಎಂದಳು. ಆಗಿಲ್ಲ ಎಂದಾಗ ಅವಳ ಕಣ್ಣಲ್ಲೇ ನೀರು ಬಂದಿತು.

ನಾಲ್ಕೂವರೆಗೆ ಶಂಭುಲಿಂಗಪ್ಪ ಕೈ ಮುಗಿದ. "ಸ್ವಾಮಿ, ಐವತ್ತೊಂದೋ ಐವತ್ತಾರೋ, ಯಾವ್ದಾರೂ ಒಂದ್ ಬರ್ಕೊಡಿ. ನನ್ ಕೆಲ್ಸ ಓಯ್ತದೆ."

ಒಂದನ್ನು ಬರೆಯಲು ಇಬ್ಬರೂ ಒಪ್ಪಲಿಲ್ಲ. ತಮ್ಮ ತಮ್ಮ ಅಂಕಿ ಬರೆದು, ತಮ್ಮ ತಮ್ಮ ರುಜು ಹಾಕಿ, ಎರಡು ಕಾಗದ ಕೊಟ್ಟರು. ಅವನು ಬಸ್ ಸ್ಟ್ಯಾಂಡಿಗೆ ಓಡಿದ. ದಾರಿಯಲ್ಲಿ ಮನೆಗಳೆಲ್ಲ ಹೊಗೆ ಸುತ್ತಿಕೊಂಡ ಹಾಗೆ ಕಂಡವು. ಖುಷಿಯಲ್ಲಿ ಅವನು ಅದನ್ನು ಲೆಕ್ಕಕ್ಕಿಡಲಿಲ್ಲ.

ಸಾವ್ಕಾರರು ಕಾಗದಗಳನ್ನು ತಿರುವಿ ನೋಡಿದರು. "ಇದೇನ್ಲಾ ಇದು, ಐವತ್ತೊಂದು, ಐವತ್ತಾರು?"

"ದಪ್ಪ, ಸಾವ್ಕಾರ್ರೇ."

"ದಪ್ಪ ಕಟ್ಕೊಂಡು ನಾನೇನ್ಲಾ ಮಾಡ್ಲಿ? ಕಣ್ ಕಾಣ್ತದೆ ಅಂತ ಎಲ್ಲಿ ಬರ್ದವ್ರೆ?"

ಎಲ್ಲಿಯೂ ಬರೆದಿರಲಿಲ್ಲ. ಬೆಳಗಿನಿಂದ ಅದನ್ನು ಯಾರೂ ಕೇಳಿಯೇ ಇರಲಿಲ್ಲ.

"ಅತ್ತು ನಿಮ್ಷ ಬಸ್ ನಿಲ್ಸಿರ್ತೀನಿ, ಓಗು," ಎಂದರು ಸಾವ್ಕಾರರು. ಒಳ್ಳೆಯವರೇ.

ಡಾಕ್ಟರುಗಳು ಜೀಪು ಹತ್ತುತ್ತಿದ್ದರು. "ಕಣ್ ಕಾಣ್ತದೆ ಅಂತ ಒಂದೇ ಒಂದ್ ಗೆರೆ, ಸ್ವಾಮಿ!" ಎಂದು ಅವನು ಜೀಪಿಗೆ ಅಡ್ಡ ನಿಂತ.

"ಪರೀಕ್ಷೆ ಮಾಡದೆ ಹಾಗೆಲ್ಲ ಬರೆಯುವುದು ತಪ್ಪಾಗುತ್ತದೆ," ಎಂದರು ಹಿರಿಯರು.

"ಖಂಡಿತ ತಪ್ಪು, ಸಾರ್," ಎಂದರು ಕಿರಿಯರು.

ಅಕ್ಷರದ ಬೋರ್ಡನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಸ್ಕೂಲಿನ ಗೋಡೆಗೆ ಒರಗಿಸಿದರು. ಶಂಭುಲಿಂಗಪ್ಪ ನೋಡಿದ. ಬೋರ್ಡು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. ಹದಿನಾಲ್ಕು ಸಲ ಬಿದ್ದ ಹನಿ ತನ್ನ ಕೆಲಸ ಮಾಡಿತ್ತು.

"ಹನಿಯ ಮಂಕು ಇಳಿಯೋದು ನಾಳೆಗೆ," ಎಂದು ಕಿರಿಯರು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

"ನಮ್ಮ ಕಾಗದಕ್ಕೆ ಇವತ್ತಿನ ತಾರೀಕಲ್ಲವೇ?" ಎಂದು ಹಿರಿಯರೂ ಇಂಗ್ಲಿಷಿನಲ್ಲೇ ಕೇಳಿದರು. ಕಿರಿಯರು ತಲೆದೂಗಿದರು. ಶಂಭುಲಿಂಗಪ್ಪನಿಗೆ ತಲೆದೂಗಿದ್ದು ಮಾತ್ರ ಮಸುಕಾಗಿ ಕಂಡಿತು. ಅಷ್ಟಕ್ಕೇ ಅವನ ಎದೆ ತುಂಬಿ ಬಂದಿತು.

ಹಿರಿಯರು ದುಂಡಗೆ ಬರೆದರು: "ದೃಷ್ಟಿ ತೀರಾ ಮಂದ. ವಾಹನ ನಡೆಸಲು ಯೋಗ್ಯನಲ್ಲ." ಕೆಳಗೆ ಇಬ್ಬರೂ ರುಜು ಹಾಕಿದರು.

ಬಸ್ಸಿನ ಹಾರ್ನು ಕೇಳಿಸಿತು. ಆ ಸದ್ದನ್ನೇ ಹಿಡಿದು, ಒಂದು ಎಮ್ಮೆಗೂ ಒಂದು ಸೈಕಲ್ಲಿಗೂ ಢಿಕ್ಕಿ ಹೊಡೆದು, ಶಂಭುಲಿಂಗಪ್ಪ ಬಸ್ಸಿನ ಹತ್ತಿರ ಬಂದ. ಸಾವ್ಕಾರರ ಕೈಗೆ ತಾನೇ ಕಾಗದ ತುರುಕಿ, ಏದುಸಿರು ಬಿಡುತ್ತ ಹೇಳಿದ:

"ತಕಳಿ ಸಾವ್ಕಾರ್ರೇ! ಈ ಸಲ ಇಬ್ರೂ ಒಪ್ಬುಟ್ಟವ್ರೆ!"