ಟ್ರಂಕಿನ ತಳದ ಸೀರೆ

ಮನೆಯಲ್ಲೊಬ್ಬ ಅರ್ಥಶಾಸ್ತ್ರದ ಉಪನ್ಯಾಸಕನಿದ್ದರೆ ಆ ಮನೆಯ ಹಣಕಾಸು ನೆಟ್ಟಗಿರುತ್ತದೆ ಎಂದು ಜನ ನಂಬಿದ್ದಾರೆ. ಡಾಕ್ಟರ ಮನೆಯವರಿಗೆ ನೆಗಡಿ ಬರುವುದಿಲ್ಲ ಎಂದು ನಂಬುವವರೂ ಇವರೇ ಇರಬೇಕು. ಹುನಗುಂದದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಬಹಳ ವರ್ಷಗಳಿಂದ ಹಣದುಬ್ಬರ, ರಾಷ್ಟ್ರೀಯ ಆದಾಯ, ಬೇಡಿಕೆ, ಪೂರೈಕೆ ಎಂದು ಕಲಿಸುತ್ತ ಬಂದಿದ್ದೇನೆ. ಬಜೆಟ್ ಮಂಡನೆಯಾದ ದಿನ ಸ್ಟಾಫ್ ರೂಮಿನಲ್ಲಿ ನನ್ನ ಅಭಿಪ್ರಾಯ ಕೇಳದೆ ಯಾರೂ ಚಹಾ ಮುಟ್ಟುವುದಿಲ್ಲ. ಆದರೆ ತಿಂಗಳ ಕೊನೆಯ ವಾರದಲ್ಲಿ ಗಾಡಿಗೆ ಪೆಟ್ರೋಲು ಹಾಕಿಸಲು ಹೆಂಡತಿ ಗಿರಿಜಾಳ ಮುಂದೆ ಕೈಯೊಡ್ಡುವವನೂ ನಾನೇ. ಅವಳು ಕೊಡುತ್ತಾಳೆ. ಎಲ್ಲಿಂದ ಕೊಡುತ್ತಾಳೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ, ಕೇಳುವ ಧೈರ್ಯವೂ ಆಗಿಲ್ಲ.

ಗ್ಯಾಸು, ಅಡಿಗೆ ಎಣ್ಣೆ, ಬೇಳೆ, ಔಷಧಿ ಎಲ್ಲ ತುಟ್ಟಿಯಾದ ಕಾಲದಲ್ಲಿ ಸಂಬಳ ಎಲ್ಲಿ ಸೋರುತ್ತಿದೆ ಎಂದು ಒಂದು ಭಾನುವಾರ ಕೂತು ಯೋಚಿಸಿದೆ. ಪತ್ತೆಯಾದದ್ದು ಆಯೇರಿ. ನಮ್ಮ ಸೀಮೆಯಲ್ಲಿ ಮದುವೆ, ಬಸುರಿಯ ಕುಬಸ, ಹೊಸ ಮನೆಯ ಶಾಂತಿ ಯಾವುದಕ್ಕೆ ಹೋದರೂ ಹೆಂಗಸರಿಗೆ ಸೀರೆಯೋ ಗುಳೇದಗುಡ್ಡದ ಖಣವೋ, ಗಂಡಸರಿಗೆ ಟವೆಲ್ಲೋ ಶಾಲೋ ಆಯೇರಿ ಮಾಡಬೇಕು. ಅವರು ನಮಗೆ ಮಾಡಿದ್ದನ್ನು ಮರೆಯುವ ಹಾಗಿಲ್ಲ, ನಾವು ಮಾಡಿದ್ದನ್ನು ಅವರೂ ಮರೆಯುವುದಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಗಿರಿಜಾ ತಪ್ಪಿಸಿದ ಮದುವೆಯೇ ಇಲ್ಲ. ಟಿಕೆಟ್ಟಿನಲ್ಲಿ ಉಳಿದ ರೊಕ್ಕದ ಹತ್ತು ಪಟ್ಟು ಸೀರೆಗೆ ಹೋಗುತ್ತಿತ್ತು. ಇದನ್ನು ಅವಳಿಗೆ ಲೆಕ್ಕ ಹಾಕಿ ತೋರಿಸಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, ಹಾಗಾದರೆ ನಾಳೆ ನಮ್ಮ ಮನೆಯ ಕಾರ್ಯಕ್ಕೆ ಜನರ ಬದಲು ನಿಮ್ಮ ಪುಸ್ತಕಗಳನ್ನು ಕೂಡಿಸೋಣ ಎಂದಳು.

ಆಯೇರಿಯಾಗಿ ಬಂದ ಸೀರೆಗಳಿಗಾಗಿ ನಮ್ಮ ಮನೆಯಲ್ಲೊಂದು ಕಬ್ಬಿಣದ ಟ್ರಂಕಿದೆ. ಎಲ್ಲರ ಮನೆಯಲ್ಲೂ ಇರುತ್ತದೆ. ಈ ಸೀರೆಗಳನ್ನು ಯಾರೂ ಉಡುವುದಿಲ್ಲ. ಒಂದು ಟ್ರಂಕಿನಿಂದ ಎದ್ದು, ಒಂದು ಮದುವೆ ನೋಡಿ, ಇನ್ನೊಂದು ಟ್ರಂಕಿನಲ್ಲಿ ಮಲಗುತ್ತವೆ. ಮಡಿಕೆ ಬಿಚ್ಚದಂತೆ ಹತ್ತು ಮನೆ ತಿರುಗಿದ ಸೀರೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಕೊಟ್ಟವರಿಗೇ ಅವರದೇ ಸೀರೆ ತಿರುಗಿ ಹೋಗಬಾರದು ಎಂಬುದೊಂದೇ ಕಟ್ಟುನಿಟ್ಟಿನ ಕಾಯಿದೆ. ನೋಟು ಕೈಯಿಂದ ಕೈಗೆ ಓಡಾಡುವ ವೇಗದ ಬಗ್ಗೆ ಪಾಠ ಮಾಡುವ ನನಗೆ ಇದನ್ನು ಕಂಡಾಗ ಆನಂದವೇ ಆಯಿತು. ಹೊಸ ಸೀರೆ ಯಾಕೆ ಕೊಳ್ಳಬೇಕು, ಟ್ರಂಕು ಖಾಲಿಯಾಗುವವರೆಗೆ ಅದರಿಂದಲೇ ಕೊಡೋಣ ಎಂದು ಘೋಷಿಸಿದೆ. ಗಿರಿಜಾ ಅದನ್ನು ಕಿವಿಗೆ ಹಾಕಿಕೊಳ್ಳದೆ ತಂಗಿಯ ಬಾಣಂತನಕ್ಕೆಂದು ಬಾದಾಮಿಗೆ ಹೋದಳು.

ಅವಳು ಅಲ್ಲಿರುವಾಗಲೇ ಗುಳೇದಗುಡ್ಡದಿಂದ ಮದುವೆ ಪತ್ರಿಕೆ ಬಂತು. ದೂರದ ಸಂಬಂಧ, ಆದರೂ ಬಿಡುವಂತಿಲ್ಲ. ಅವ್ವ ಮಠಕ್ಕೆ ಪುರಾಣ ಕೇಳಲು ಹೋಗಿದ್ದಳು. ನಾನೇ ಟ್ರಂಕು ತೆಗೆದೆ. ಮೇಲಿದ್ದವುಗಳಲ್ಲಿ ಯಾವುದು ಯಾರದೆಂದು ನನಗೆ ಗೊತ್ತಿರಲಿಲ್ಲ, ಕಾಯಿದೆ ಮುರಿಯುವ ಭಯ. ಹಳೆಯದಾದರೆ ಕೊಟ್ಟವರೇ ಮರೆತಿರುತ್ತಾರೆಂದು ಕೈ ಇಳಿಬಿಟ್ಟು ತಳದಿಂದ ಒಂದನ್ನು ಎಳೆದೆ. ದಾಳಿಂಬೆ ಬಣ್ಣದ ಇಲಕಲ್ಲ ಸೀರೆ, ಕೆಂಪು ರೇಷ್ಮೆಯ ಸೆರಗು. ಎಷ್ಟು ವರ್ಷದಿಂದ ಅಲ್ಲಿ ಬಿದ್ದಿತ್ತೋ, ನುಸಿಗುಳಿಗೆಯ ವಾಸನೆ ಬಡಿಯುತ್ತಿತ್ತು. ಇಷ್ಟು ಒಳ್ಳೆಯ ಸರಕು ದುಡಿಯದೆ ಕೂತಿದೆಯಲ್ಲ, ಇದನ್ನೇ ಸತ್ತ ಬಂಡವಾಳ ಎನ್ನುವುದು ಎಂದು ಮನಸ್ಸಿನಲ್ಲೇ ಒಂದು ಪಾಠ ಮಾಡಿಕೊಂಡು, ಅದನ್ನು ಗುಳೇದಗುಡ್ಡಕ್ಕೆ ಒಯ್ದು ಮದುಮಗಳ ತಾಯಿಗೆ ಆಯೇರಿ ಮಾಡಿ, ಎರಡು ಹೋಳಿಗೆ ಹೆಚ್ಚಿಗೆಯೇ ಉಂಡು ಬಂದೆ. ಅಷ್ಟು ಹಗುರಾಗಿ ನಾನು ಯಾವ ಮದುವೆಯಿಂದಲೂ ಮರಳಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನ ಕಾಲು ಬಾತವು, ಮುಖ ಬಾತಿತು. ಬಾಗಲಕೋಟೆಯ ದವಾಖಾನೆಯಲ್ಲಿ ಸೇರಿಸಿದೆವು. ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ವಯಸ್ಸೂ ಆಗಿದೆ, ಮನೆಯವರು ಗಟ್ಟಿ ಮನಸ್ಸು ಮಾಡಬೇಕು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಒಳಗೆ ಬಂದು ಏನೂ ಇಲ್ಲವಂತೆ, ಬಿಸಿಲು ಬಿದ್ದರೆ ಬಾವು ಇಳಿಯುತ್ತದಂತೆ ಎಂದೆ. ಅವ್ವ ನನ್ನ ಮುಖವನ್ನೊಮ್ಮೆ ನೋಡಿ, ಗಿರಿಜಾಳನ್ನು ಹತ್ತಿರ ಕರೆದು, ಟ್ರಂಕಿನ ತಳದ ಸೀರೆಯನ್ನು ತೆಗೆದು ಒಂದಿಷ್ಟು ಗಾಳಿಗೆ ಹಾಕಿಡು ಎಂದು ಹೇಳಿದಳು.

ಮನೆಗೆ ಬಂದ ಗಿರಿಜಾ ಟ್ರಂಕನ್ನೆಲ್ಲ ಬರಿದು ಮಾಡಿದಳು. ಆಮೇಲೆ ನನ್ನನ್ನು ಕೇಳಿದಳು. ನಾನು ಸತ್ತ ಬಂಡವಾಳದ ಕತೆಯನ್ನು ತುಸು ಹೆಮ್ಮೆಯಿಂದಲೇ ಹೇಳಿದೆ. ಅವಳು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟಳು.

“ಅದು ಆಯೇರಿ ಸೀರಿ ಅಲ್ರಿ,” ಎಂದಳು. “ಅತ್ತಿಯವರ ಕಡೀ ಸೀರಿ.”

ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಮಕ್ಕಳು ಎಷ್ಟು ಸೀರೆ ಹೊದಿಸಿದರೂ, ಮಣ್ಣಿಗೆ ಹೋಗುವಾಗ ಮೈಮೇಲೆ ಕೊನೆಗೆ ಇರಬೇಕಾದದ್ದು ತವರುಮನೆಯ ಸೀರೆ. ಇದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ಕಮತಗಿಯಲ್ಲಿದ್ದ ನನ್ನ ಸೋದರಮಾವ ತೀರಿಕೊಳ್ಳುವ ಮೊದಲೇ ಆ ಸೀರೆಯನ್ನು ತಂದು ಅವ್ವನ ಕೈಗಿಟ್ಟು ಹೋಗಿದ್ದುದು. ಮಾವನ ಮಗ ಸಂಗಣ್ಣನಿಗೂ ನಮಗೂ ಆಗಲೇ ಒಂದು ಖಾಲಿ ಜಾಗದ ಸಲುವಾಗಿ ಮಾತು ನಿಂತಿತ್ತು. ನನ್ನ ಮಗನ ಸ್ವಭಾವ ನನಗೆ ಗೊತ್ತು, ನಾನು ಮೊದಲು ಹೋದರೆ ಅವನು ನಿನ್ನ ಮಣ್ಣಿಗೂ ಬರುವುದಿಲ್ಲ, ತವರಿನ ಸೀರೆಯಿಲ್ಲದೆ ನೀನು ಹೋಗಬಾರದು ಎಂದು ತಂಗಿಗೆ ಹೇಳಿದನಂತೆ. ಅವ್ವ ಇದನ್ನು ಸೊಸೆಯ ಮುಂದೆ ಮಾತ್ರ ಆಡಿದ್ದಳು. ಒಮ್ಮೆ ಟ್ರಂಕಿನ ತುಕ್ಕು ಹಿಡಿದ ಕೊಂಡಿಗೆ ಸಿಕ್ಕಿ ಸೀರೆಯ ಅಂಚಿನ ದಡಿ ಚೂರು ಹರಿದಾಗ ಹಸಿರು ದಾರದಿಂದ ತಾನೇ ಹೊಲಿದಿದ್ದಳಂತೆ. ಕೆಂಪು ದಾರ ಯಾಕೆ ಹಾಕಲಿಲ್ಲ ಎಂದು ಗಿರಿಜಾ ಕೇಳಿದ್ದಕ್ಕೆ, ಮಣ್ಣಾಗ ಯಾರು ನೋಡ್ತಾರ ಎಂದು ನಕ್ಕಿದ್ದಳಂತೆ. ಮನೆಯ ಉಳಿತಾಯ ಯೋಜನೆಗೆ ನಾನು ಅವ್ವನ ಸಾವನ್ನೇ ಖರ್ಚಿಗೆ ಹಾಕಿದ್ದೆ.

ಕೊಟ್ಟ ಆಯೇರಿಯನ್ನು ತಿರುಗಿ ಕೇಳುವುದು ನಮ್ಮಲ್ಲಿ ಉಂಡ ಎಲೆಯನ್ನು ಎಣಿಸುವುದಕ್ಕಿಂತ ಕಡೆ. ಆದ್ದರಿಂದ ಸುಳ್ಳೊಂದನ್ನು ಹುಡುಕಿದೆ. ಸೀರೆಗಳು ಮನೆಯಿಂದ ಮನೆಗೆ ಹೇಗೆ ಚಲಿಸುತ್ತವೆ ಎಂಬ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ಗುಳೇದಗುಡ್ಡಕ್ಕೆ ಹೋದೆ. ಓದಿದವರು ಎಂಥ ಹುಚ್ಚುತನಕ್ಕೂ ಇಳಿಯುತ್ತಾರೆಂದು ಜನರಿಗೆ ಗೊತ್ತಿರುವುದರಿಂದ ಯಾರೂ ಸಂಶಯಪಡಲಿಲ್ಲ. ಮದುಮಗಳ ತಾಯಿ ಚಹಾ ಕೊಟ್ಟು, ಆ ಸೀರೆಯನ್ನು ಬಾಗಲಕೋಟೆಯ ನಾದಿನಿಗೆ ಕೊಟ್ಟೆ, ಭಾಳ ಚಲೋ ಸೀರೆಯಿತ್ತು, ಕೊಡಲು ಮನಸ್ಸೇ ಇರಲಿಲ್ಲ ಎಂದಳು. ಬಾಗಲಕೋಟೆಯ ನಾದಿನಿ ನೆನಪು ಮಾಡಿಕೊಂಡು, ಅದು ಬಾದಾಮಿಯಲ್ಲಿ ಒಂದು ಮನೆ ಶಾಂತಿಗೆ ಹೋಯಿತು ಎಂದಳು. ಬಾದಾಮಿಯ ಮನೆಯೊಡತಿ ಮಾತ್ರ ನನ್ನ ಅಧ್ಯಯನಕ್ಕೆ ಸೊಪ್ಪು ಹಾಕಲಿಲ್ಲ.

“ನಾವು ಬಂದ ಆಯೇರಿ ಮಂದಿಗೆ ದಾಟ್ಸೂದಿಲ್ರಿ,” ಎಂದಳು ಮುಖ ಬಿಗಿದು. “ಎಲ್ಲಾ ನಾವ ಉಡ್ತೇವಿ.”

ಅವಳ ಬೆನ್ನ ಹಿಂದಿನ ಕೋಣೆಯಲ್ಲಿ ನಮ್ಮ ಟ್ರಂಕಿಗಿಂತ ದೊಡ್ಡ ಟ್ರಂಕು ಕಾಣುತ್ತಿತ್ತು. ಆದರೆ ಮರ್ಯಾದೆಯ ಪ್ರಶ್ನೆ ಬಂದ ಮೇಲೆ ಅಲ್ಲಿಗೆ ದಾರಿ ಮುಗಿದಂತೆ. ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಪಕ್ಕದ ಸೀಟಿನ ಅಜ್ಜಿ ಕಣ್ಣಲ್ಲಿ ಧೂಳು ಬಿತ್ತೇನಪ್ಪಾ ಎಂದು ಕೇಳಿ, ಕಿಟಕಿಯ ಗಾಜನ್ನು ತಾನೇ ಎಳೆದಳು.

ಅರ್ಥಶಾಸ್ತ್ರದಲ್ಲಿ ಬದಲಿ ಸರಕು ಎಂಬ ಮಾತಿದೆ. ಚಹಾ ತುಟ್ಟಿಯಾದರೆ ಜನ ಕಾಫಿ ಕುಡಿಯುತ್ತಾರೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ಹುಡುಗರು ಪ್ರತಿ ವರ್ಷ ಬರೆದುಕೊಳ್ಳುತ್ತಾರೆ. ಅದನ್ನೇ ನಂಬಿ ಇಲಕಲ್ಲಿಗೆ ಹೋದೆ. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆ ಸೆರಗು, ಅದೇ ಅಗಲದ ದಡಿ. ಅಂಗಡಿಯವನು ಬೆಲೆ ಹೇಳಿದಾಗ ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ. ಅದನ್ನು ದವಾಖಾನೆಗೆ ಒಯ್ದು, ಗಾಳಿಗೆ ಹಾಕಿ ತಂದಿದ್ದೇವೆ ನೋಡು ಎಂದು ಅವ್ವನ ಕೈಗಿಟ್ಟೆ. ಅವಳಿಗೆ ಆಗಲೇ ಕಣ್ಣು ಮಬ್ಬಾಗಿದ್ದವು. ಬಾತ ಬೆರಳುಗಳಿಂದ ದಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿಕೊಂಡು ಹೋದಳು. ತಿರುಗಿ ಇನ್ನೊಮ್ಮೆ ಸವರಿದಳು. ಹಸಿರು ದಾರದ ಹೊಲಿಗೆ ನನಗೆ ನೆನಪಾದದ್ದೇ ಆಗ. ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

“ಭಾಳ ಚಲೋ ಐತಿ,” ಎಂದಳು ಅವ್ವ. “ಇದನ್ನ ಗಿರಿಜಾಗ ಉಡಾಕ ಕೊಡು.”

ನನ್ನ ಸೀರೆ ಎಲ್ಲಿ ಎಂದು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮರುದಿನ ಎರಡು ಚಮಚ ಗಂಜಿ ಕುಡಿದಳು, ಕಾಲೇಜಿಗೆ ರಜೆ ಹಾಕಿದರೆ ಪಗಾರ ಹಿಡಿಯುವುದಿಲ್ಲವೇ ಎಂದು ವಿಚಾರಿಸಿದಳು. ಅದೇ ವಾರದಲ್ಲಿ ಹೋಗಿಬಿಟ್ಟಳು.

ಹುನಗುಂದದ ಮನೆಯ ಮುಂದೆ ಅವ್ವನನ್ನು ನಮ್ಮ ರೂಢಿಯಂತೆ ಕೂಡಿಸಿದ್ದರು. ಬಂದವರೆಲ್ಲ ಸೀರೆ ತಂದು ಹೊದಿಸುತ್ತಿದ್ದರು. ದುಃಖದಲ್ಲೂ ನನ್ನ ಕಣ್ಣು ಒಂದೊಂದು ಸೀರೆಯ ದಡಿಯ ಮೇಲೇ ಹೋಗುತ್ತಿತ್ತು. ತವರಿನವರು ಯಾರಾದರೂ ಬರುವುದಿದೆಯೇ ಎಂದು ಓಣಿಯ ಹಿರಿಯರೊಬ್ಬರು ಕೇಳಿದರು. ಗಿರಿಜಾ ಒಳಗೆ ಹೋಗಿ ಇಲಕಲ್ಲಿನಿಂದ ತಂದ ಸೀರೆಯನ್ನೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಆಗ ಕಮತಗಿಯ ಕಡೆಯಿಂದ ಬಂದ ಟಂಟಂ ರಿಕ್ಷಾ ಓಣಿಯ ಬಾಯಿಗೆ ನಿಂತಿತು. ಸಂಗಣ್ಣ ಇಳಿದ. ತಲೆ ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಥೇಟ್ ಅವನ ಅಪ್ಪನದು. ಯಾರ ಕಡೆಯೂ ನೋಡದೆ ನೆಟ್ಟಗೆ ಅವ್ವನ ಹತ್ತಿರ ಹೋಗಿ, ಕೈಚೀಲದಿಂದ ಒಂದು ಸೀರೆ ತೆಗೆದು ಬಿಚ್ಚಿದ. ನುಸಿಗುಳಿಗೆಯ ವಾಸನೆ ಊದಿನಕಡ್ಡಿಯ ಹೊಗೆಯನ್ನು ದಾಟಿ ನನ್ನ ಮೂಗಿಗೆ ಬಡಿಯಿತು. ದಾಳಿಂಬೆ ಬಣ್ಣ, ಕೆಂಪು ಸೆರಗು. ದಡಿಯ ಒಂದು ಕಡೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹಸಿರು ದಾರ.

ಗಿರಿಜಾ ಕೈಯಲ್ಲಿದ್ದ ಸೀರೆಯನ್ನು ಸೆರಗಿನ ಒಳಗೆ ಮರೆಮಾಡಿಕೊಂಡಳು. ಆಮೇಲೆ ಅವಳು ಅತ್ತ ರೀತಿಗೆ ನೆರೆಮನೆಯವರೂ ಬೆರಗಾದರು, ಸೊಸೆಯೆಂದರೆ ಹೀಗಿರಬೇಕು ಎಂದರು.

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಸಂಗಣ್ಣ ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ. ಎಷ್ಟೋ ವರ್ಷಗಳ ನಂತರ ಮಾತಾಡುತ್ತಿದ್ದೆವು.

“ಅಪ್ಪ ಇದ್ದಿದ್ರ ಇಲಕಲ್ಲಿಗೆ ಹೋಗಿ ಹೊಸಾದ ತರ್ತಿದ್ದ,” ಎಂದ ನೆಲ ನೋಡುತ್ತ. “ನಾ ಅವಸರದಾಗ ಮನ್ಯಾಗ ಬಂದಿದ್ದ ಆಯೇರಿ ಸೀರೀನ ತಂದೆ. ತಪ್ಪ ತಿಳೀಬ್ಯಾಡ. ಅತ್ತೀ ಜೀವಕ್ಕ ಏನರ ಅನಿಸೀತೇನೋ.”

ಬಾದಾಮಿಯ ಆ ಮನೆಯವರಿಗೆ ಇವನ ಹೆಂಡತಿಯ ಕಡೆಯಿಂದ ಸಂಬಂಧವಿದೆ ಎಂಬುದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ನನಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಹೇಳಿದರೆ, ಅವನ ಅಪ್ಪ ಅವನನ್ನು ನಂಬದೆ ಮೊದಲೇ ಸೀರೆ ಕೊಟ್ಟುಹೋಗಿದ್ದನ್ನೂ ಹೇಳಬೇಕಾಗುತ್ತಿತ್ತು. ಅವನು ಬಂದಿದ್ದನಲ್ಲ. “ಅಕಿಗೆ ಇದ ಬೇಕಾಗಿತ್ತು,” ಎಂದೆ. ಅವನು ನನ್ನ ಕೈ ಹಿಡಿದುಕೊಂಡ. ಅವ್ವನ ದುಃಖಕ್ಕೆ ನಾನು ನನ್ನ ಜಿಪುಣತನದ್ದನ್ನು, ಅವನು ತನ್ನ ಜಿಪುಣತನದ್ದನ್ನು ಸೇರಿಸಿ ಅತ್ತೆವು. ಅವನು ಆ ದಿನ ಧಾರಾಳಿಯಾಗಿದ್ದರೆ ಆ ಸೀರೆ ಇವತ್ತಿಗೂ ಅವನ ಟ್ರಂಕಿನಲ್ಲಿ ಇರುತ್ತಿತ್ತು.

ಗಿರಿಜಾ ಇಲಕಲ್ಲ ಸೀರೆಯನ್ನು ಆಗೀಗ ಉಡುತ್ತಾಳೆ. ಟ್ರಂಕಿಗೆ ಬೀಗ ಬಿದ್ದಿದೆ, ಕೀಲಿ ಅವಳ ಬಳಿ ಇದೆ. ಮೊನ್ನೆ ಸಂಗಣ್ಣನ ಮಗಳ ಮದುವೆಗೆ ಹೊರಟಾಗ, ನಿಮ್ಮ ಕಡೇ ಹೊತ್ತಿಗೆ ಹೊದಿಸಲು ಏನಾದರೂ ತೆಗೆದಿಟ್ಟಿದ್ದೀರೋ, ಇಲ್ಲಾ ಬಂದ ಟವೆಲ್ಲಿನಲ್ಲೇ ಸುಧಾರಿಸಬೇಕೋ ಎಂದು ಕೇಳಿದಳು. ನಗುತ್ತಲೇ ಕೇಳಿದಳು. ಕಾಲೇಜಿನಲ್ಲಿ ನನಗೆ ಸನ್ಮಾನ ಮಾಡಿ ಹೊದಿಸಿದ ಶಾಲೊಂದಿತ್ತು. ಅವಳು ಸ್ನಾನಕ್ಕೆ ಹೋದಾಗ ಸೂಜಿ ಹುಡುಕಿ, ಬೆರಳು ಚುಚ್ಚಿಕೊಂಡು, ಅದರ ಮೂಲೆಗೆ ಹಸಿರು ದಾರದ ಹೊಲಿಗೆ ಹಾಕಿದೆ. ಅದನ್ನೇ ಒಯ್ದು ಸಂಗಣ್ಣನಿಗೆ ಆಯೇರಿ ಮಾಡಿ ಬಂದಿದ್ದೇನೆ. ಇಷ್ಟು ದೂರದೃಷ್ಟಿಯ ಹೂಡಿಕೆಯನ್ನು ನಾನು ಈವರೆಗೆ ಮಾಡಿಲ್ಲ. ಅದು ಮನೆ ಮನೆ ಸುತ್ತಿ ನನ್ನ ಕಡೇ ಹೊತ್ತಿಗೆ ಮರಳಿತೋ ಇಲ್ಲವೋ ಎಂದು ಮಾತ್ರ ಗಿರಿಜಾಳೇ ನೋಡಿಕೊಳ್ಳಬೇಕು.