ಮೂವತ್ತಾರನೇ ಕಿಲೋಮೀಟರಿನ ಬ್ರೇಕ್‌ಡೌನ್

ಡಿಪೋ ಡಾಕ್ಟರು ಬರೆದದ್ದು ಎರಡೇ ಸಾಲು. ಮೊದಲನೆಯದು ಡ್ರೈವರನ ತೂಕ, ತೊಂಬತ್ತಾರು ಕೆಜಿ. ಎರಡನೆಯದು ರಕ್ತದೊತ್ತಡ. (ಅದನ್ನು ಇಲ್ಲಿ ಹೇಳುವುದು ಬೇಡ, ಓದಿದವರದ್ದೂ ಏರೀತು.) ಚಳಿಗಾಲ ಮುಗಿದ ಮೇಲೆ ಮತ್ತೊಮ್ಮೆ ತಪಾಸಣೆ ಮಾಡುತ್ತೇನೆ, ಆಗಲೂ ಹೀಗೇ ಇದ್ದರೆ ಸ್ಟೇರಿಂಗ್ ಕಿತ್ತುಕೊಂಡು ಗೇಟಿನ ಬಳಿ ಕುರ್ಚಿ ಹಾಕಿಸುತ್ತೇನೆ ಎಂಬುದನ್ನು ಮಾತ್ರ ಬರೆಯದೆ ಬಾಯಲ್ಲೇ ಹೇಳಿದರು.

ಗೇಟಿನ ಕುರ್ಚಿ ಅಂದರೆ ಏನೆಂದು ಡಿಪೋದವರಿಗೆಲ್ಲ ಗೊತ್ತು. ಒಳಗೆ ಬರುವ ಬಸ್ಸಿನ ನಂಬರು, ಹೊರಗೆ ಹೋಗುವ ಬಸ್ಸಿನ ನಂಬರು, ನಡುವೆ ಆಕಳಿಕೆ. ಇಪ್ಪತ್ತೇಳು ವರ್ಷ ಸ್ಟೇರಿಂಗ್ ತಿರುಗಿಸಿದ ಕೈಗೆ ಪೆನ್ಸಿಲ್ಲು. ಯೋಚಿಸಿದಷ್ಟೂ ಡ್ರೈವರನಿಗೆ ಹೊಟ್ಟೆ ಚುರುಗುಟ್ಟಿತು. ದುಃಖವಾದಾಗ ಅವನಿಗೆ ಅಳು ಬರುವುದಿಲ್ಲ, ಹಸಿವಾಗುತ್ತದೆ. ತೊಂಬತ್ತಾರು ಕೆಜಿ ಆದದ್ದೇ ಹಾಗೆ.

ದಿನಕ್ಕೆ ಅರ್ಧ ಗಂಟೆ ನಡೆದರೆ ಸಾಕು ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಆದರೆ ಇವನು ಒಂದು ಕಾಲದಲ್ಲಿ ಯೂನಿಯನ್ ಕಟ್ಟಿದವನು, ಹನ್ನೊಂದು ದಿನ ಡಿಪೋ ಬಾಗಿಲಿಗೆ ಅಡ್ಡ ಮಲಗಿದ್ದವನು. ಅರ್ಧ ಗಂಟೆಯ ಹೋರಾಟ ಅವನ ಲೆಕ್ಕಕ್ಕೆ ಹೋರಾಟವೇ ಅಲ್ಲ. ಅದರ ಮೇಲೆ ಆ ಭಾನುವಾರವೇ ಷಡ್ಡಕ ಮನೆಗೆ ಬಂದ.

ಷಡ್ಡಕ ವಿಮಾ ಕಚೇರಿಯಲ್ಲಿ ಗುಮಾಸ್ತ, ಡ್ರೈವರನ ನಾದಿನಿಯ ಗಂಡ, ಮೂರು ಮ್ಯಾರಥಾನ್ ಓಡಿದ ಮಹಾಪುರುಷ. ಅವನ ಮಣಿಕಟ್ಟಿನ ಗಡಿಯಾರ ನಾಡಿ ಹೇಳುತ್ತಿತ್ತು, ನಿದ್ದೆ ಹೇಳುತ್ತಿತ್ತು, ಹೆಜ್ಜೆ ಎಣಿಸುತ್ತಿತ್ತು. ಗಂಟೆ ಎಷ್ಟು ಎಂದು ಕೇಳಿದರೆ ಮಾತ್ರ ನಾಲ್ಕು ಗುಂಡಿ ಒತ್ತಿ ಹುಡುಕಬೇಕಿತ್ತು. ಚಳಿಗಾಲ ಮುಗಿಯುತ್ತಲೇ ಊರಿನಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ ಇದೆಯೆಂದು ಸುದ್ದಿ ತಂದವನೇ, ಭಾವನ ಹೊಟ್ಟೆಯನ್ನು ನೋಡುತ್ತ, "ಭಾವ, ಈ ಸಲ ನೀವೂ ಓಡ್ತೀರೋ, ಓಡಿಸ್ತಾನೇ ಇರ್ತೀರೋ?" ಎಂದು ಕೇಳಿ ತಾನೇ ನಕ್ಕ.

"ಎರಡೂ," ಎಂದ ಡ್ರೈವರ್.

ಬಾಯಿಂದ ಬಿದ್ದಾಗಿತ್ತು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು, ಒಂದು ಕಡೆ ವಾಲಿಕೊಂಡು ಬರುವ ಬಸ್ಸನ್ನು ನೋಡುವ ಹಾಗೆ. ಹಾಗೆ ನೋಡುವ ಅಧಿಕಾರ ಅವಳಿಗಿತ್ತು. ಅವಳು ಅದೇ ಡಿಪೋದ ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಒಂದೇ ಬಸ್ಸಿನಲ್ಲಿ ಅವನು ಮುಂದೆ, ಅವಳು ಹಿಂದೆ. ಅವಳು ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿ "ರೈಟ್" ಅಂದರೆ ಹೊರಡಬೇಕು. ಬಸ್ಸಿನಲ್ಲಿ ಇದನ್ನು ಮೀರಿದರೆ ಮೆಮೊ ಬರುತ್ತದೆ. ಮನೆಯಲ್ಲಿ ಮೀರಿದರೆ ಮೆಮೊ ಗಿಮೊ ಏನೂ ಇಲ್ಲ, ನೇರ ಶಿಕ್ಷೆ.

ಮರುದಿನ ಬೆಳಗ್ಗೆ ಐದೂವರೆಗೆ ತರಬೇತಿಯ ಉದ್ಘಾಟನೆ. ಹೊರಗೆ ಮಂಜು ಬೀದಿಯನ್ನು ನುಂಗಿಕೊಂಡು ಕೂತಿತ್ತು. ಡ್ರೈವರ್ ಎರಡು ಸ್ವೆಟರು, ಅದರ ಮೇಲೆ ಖಾಕಿ ಕೋಟು, ಮಫ್ಲರು, ಉಣ್ಣೆ ಟೋಪಿ ಹಾಕಿಕೊಂಡು ಹೊರಟ. ಹೊರಗೆ ಕಾಣುತ್ತಿದ್ದದ್ದು ಮೂಗೊಂದೇ. ಎಲ್ಲಿ ಓಡುವುದು? ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ತನ್ನ ಬಸ್ಸಿನ ದಾರಿ. ಅದನ್ನೇ ಹಿಡಿದ. ಮುನ್ನೂರು ಮೀಟರಿಗೆ ಚಪ್ಪಲಿ ಅಂಗಡಿ ಸ್ಟಾಪು ಬಂತು. ಕಾಲು ತಾನಾಗಿಯೇ ನಿಂತಿತು. ನಿಂತ ಮೇಲೆ ಹೊರಡಬೇಕಲ್ಲ, ಹಿಂದಿನಿಂದ ಸೀಟಿ ಬರಲಿಲ್ಲ. ಅಲ್ಲೊಂದು ಬೆಂಚಿತ್ತು. ಒಂದು ಗಂಟೆಯ ಮೇಲೆ ಹಾಲಿನವನು ಮನೆಯ ಬಾಗಿಲು ತಟ್ಟಿ, ನಿಮ್ಮ ಯಜಮಾನರು ಬಸ್ಸಿಗೆ ಕಾದು ಕಾದು ಸ್ಟಾಪಿನಲ್ಲೇ ನಿದ್ದೆ ಹೋಗಿದ್ದಾರೆ ಎಂದು ಸುದ್ದಿ ಮುಟ್ಟಿಸಿದ.

ಹೀಗೇ ನಾಲ್ಕು ದಿನ ನಡೆಯಿತು. ಐದನೆಯ ದಿನ ಬೆಂಚಿನ ಮೇಲಿದ್ದವನ ಕಿವಿಯ ಬುಡದಲ್ಲೇ ಎರಡು ಸೀಟಿ ಕೇಳಿಸಿದವು. ಕಣ್ಣು ಬಿಡುವ ಮೊದಲೇ ಕಾಲು ಹೊರಟಾಗಿತ್ತು. ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ ನೋಡಿದರೆ ಹೆಂಡತಿ, ಕ್ಯಾನ್ವಾಸ್ ಶೂ ಕಟ್ಟಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆಯೇ ಬರುತ್ತಿದ್ದಾಳೆ.

"ಮುಂದೆ ನೋಡ್ಕೊಂಡು ಓಡಿ," ಎಂದಳು. "ರೈಟ್ ಹೇಳೋರಿಲ್ದೆ ನೀವು ಜಾಗ ಬಿಟ್ಟು ಕದಲೋರಲ್ಲ ಅಂತ ನಂಗೆ ಮದುವೆ ಆದ ವಾರದಲ್ಲೇ ಗೊತ್ತಾಗಿತ್ತು."

ಅಂದಿನಿಂದ ಗಾಡಿ ಓಡತೊಡಗಿತು. ಮೊದಲ ತಿಂಗಳು ಎಲ್ಲ ಸ್ಟಾಪಿಗೂ ನಿಲ್ಲುವ ಲೋಕಲ್. ಎರಡನೆಯ ತಿಂಗಳು ಮಾರುಕಟ್ಟೆ, ಆಸ್ಪತ್ರೆ, ರೈಲು ನಿಲ್ದಾಣ ಈ ಮೂರೇ ನಿಲುಗಡೆ. ಮೂರನೆಯ ತಿಂಗಳಿಗೆ ಎಕ್ಸ್‌ಪ್ರೆಸ್. ತಿರುವು ಬಂದಾಗ ಕೈ ಹೊರಗೆ ಚಾಚುವುದನ್ನು ಮಾತ್ರ ಬಿಡಿಸಲು ಆಗಲಿಲ್ಲ. ಒಂದೆರಡು ಸಲ ಪಕ್ಕದಲ್ಲಿ ಹೋಗುತ್ತಿದ್ದ ಪೇಪರಿನವನ ಮೂತಿಗೆ ತಾಗಿ ಬೈಗುಳವನ್ನೂ ತಿಂದ.

ನಡುವೆ ದೇಹದೊಳಗೇ ಕಾರ್ಮಿಕ ಅಶಾಂತಿ ಶುರುವಾಯಿತು. ಎಡ ಮೊಣಕಾಲು ಧರಣಿ ಕೂತಿತು. ಬಲ ಮೊಣಕಾಲು ಬೆಂಬಲ ಸೂಚಿಸಿತು. ಸೊಂಟ ಅನಿರ್ದಿಷ್ಟಾವಧಿ ಮುಷ್ಕರದ ನೋಟೀಸು ಕೊಟ್ಟಿತು. ಹೊಟ್ಟೆಯ ಬೇಡಿಕೆ ಪಟ್ಟಿಯಂತೂ ಉದ್ದಕ್ಕಿತ್ತು, ಅದರಲ್ಲಿ ಬಿಸ್ಕತ್ತು ಡಬ್ಬಿಯ ಬೀಗ ತೆಗೆಯಬೇಕೆಂಬುದೇ ಮೊದಲ ಬೇಡಿಕೆ. ಬದುಕಿನಲ್ಲಿ ಮೊದಲ ಸಲ ಡ್ರೈವರ್ ಆಡಳಿತ ವರ್ಗದ ಕುರ್ಚಿಯಲ್ಲಿ ಕೂತು ಯೋಚಿಸಿದ. ಯಾವ ಆಡಳಿತವೂ ಇಷ್ಟು ಬೇಗ ಮಾತುಕತೆಗೆ ಬಂದಿರಲಾರದು. ಬಕೆಟ್ಟಿನ ತುಂಬ ಬಿಸಿನೀರು, ಮೇಲೆ ಎರಡು ಹಿಡಿ ಉಪ್ಪು ಕೊಟ್ಟು ಕಾಲುಗಳನ್ನು ರಾಜಿಗೆ ಒಪ್ಪಿಸಿದ. ಹೊಟ್ಟೆಯ ಬೇಡಿಕೆ ಮಾತ್ರ ಅವನ ಕೈಯಲ್ಲಿರಲಿಲ್ಲ, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿತ್ತು.

ಇದರ ಜೊತೆಗೆ ಅವನು ನಿರೀಕ್ಷಿಸದ ಒಂದು ಲಾಭವೂ ಆಯಿತು. ಹಿಂದೆ ಓಡುತ್ತಿದ್ದವಳು ನಿಧಾನಕ್ಕೆ ಪಕ್ಕಕ್ಕೆ ಬಂದಳು. ಪಕ್ಕಕ್ಕೆ ಬಂದವಳು ಪ್ರಶ್ನೆ ಕೇಳತೊಡಗಿದಳು. ಆಸ್ಪತ್ರೆಯ ಇಳಿಜಾರಿನಲ್ಲಿ ಗೇರು ಯಾಕೆ ಇಳಿಸುತ್ತೀರಿ, ಮಾರುಕಟ್ಟೆಯ ತಿರುವಿನಲ್ಲಿ ಹಿಂದಿನ ಚಕ್ರ ಕಲ್ಲಿಗೆ ತಾಗದ ಹಾಗೆ ಹೇಗೆ ತಿರುಗಿಸುತ್ತೀರಿ. ಹದಿನಾಲ್ಕು ವರ್ಷದ ಮೇಲಾದರೂ ಇವಳಿಗೆ ಗಂಡನ ವಿದ್ಯೆಯ ಮೇಲೆ ಗೌರವ ಹುಟ್ಟಿತಲ್ಲ ಎಂದು ಡ್ರೈವರ್ ಉಬ್ಬಿದ. ಏದುಸಿರು ಬಿಡುತ್ತಲೇ ಕ್ಲಚ್ಚಿನ ಮೇಲೆ ಉಪನ್ಯಾಸ ಕೊಟ್ಟ. ಆ ಉಪನ್ಯಾಸಗಳ ಭರದಲ್ಲಿ ಹತ್ತು ಕಿಲೋಮೀಟರು ಹದಿನೈದಾಯಿತು, ಹದಿನೈದು ಇಪ್ಪತ್ತೆಂಟಾಯಿತು.

ಓಟಕ್ಕೆ ಹೆಸರು ಕೊಡುವ ದಿನ ಒಂದು ತೊಡಕು ಎದುರಾಯಿತು. ಎದೆಗೆ ನಂಬರು ಇಲ್ಲದವರನ್ನು ಆ ದಿನ ರಸ್ತೆಗೆ ಬಿಡುವುದಿಲ್ಲವಂತೆ. ಹಾಗಾದರೆ ರೈಟ್ ಹೇಳುವವರು ಯಾರು? ಡ್ರೈವರ್ ದೊಡ್ಡ ಮನಸ್ಸು ಮಾಡಿ, "ನಿಂಗೂ ಒಂದು ನಂಬರು ಇರ್ಲಿ ಬಿಡು. ಸ್ಟಾಫು ಅಂತ ಲೆಕ್ಕ," ಎಂದ. ಅವಳು ಆಗಲೇ ಅರ್ಜಿಯಲ್ಲಿ ತನ್ನ ಹೆಸರು ತುಂಬತೊಡಗಿದ್ದಳು. ಅವಳು ವಾದ ಮಾಡದೆ ಒಪ್ಪಿದರೆ ಹೆದರಬೇಕು ಎಂಬುದನ್ನು ಆ ಸಂಭ್ರಮದಲ್ಲಿ ಅವನು ಮರೆತ.

ಓಟದ ದಿನ ಗುಂಡು ಹಾರಿದಾಗ ಎರಡು ಸಾವಿರ ಜನ ಓಡಿದರು, ಒಬ್ಬ ನಿಂತಿದ್ದ. ಹಿಂದಿನಿಂದ ಎರಡು ಸೀಟಿ ಬಿದ್ದ ಮೇಲೆ ಅವನೂ ಹೊರಟ. ದಾರಿಯುದ್ದಕ್ಕೂ ನೀರಿನ ಮೇಜುಗಳಿದ್ದವು. ಜನರನ್ನು ಚದುರಿಸಲು ಅಲ್ಲಿನ ಕಾರ್ಯಕರ್ತರು ಒಂದೊಂದು ಸೀಟಿ ಊದುತ್ತಿದ್ದರು. ಒಂದು ಸೀಟಿ ಕಿವಿಗೆ ಬಿದ್ದದ್ದೇ ತಡ, ಡ್ರೈವರ್ ರಸ್ತೆಯ ಎಡಕ್ಕೆ ಸರಿದು ನಿಂತುಬಿಡುತ್ತಿದ್ದ. ಹೆಂಡತಿ ಎರಡು ಊದಿ ಬಿಡಿಸಬೇಕು. ಹೀಗೆ ಹದಿನೇಳು ಮೇಜು. ಅವನ ಹಿಂದೆಯೇ ಬರುತ್ತಿದ್ದ ಇಬ್ಬರು ಶಾಲಾ ಮೇಷ್ಟ್ರುಗಳು ಹದಿನೇಳು ಸಲವೂ ಅವನ ಬೆನ್ನಿಗೆ ಗುದ್ದಿಕೊಂಡರು.

ಮೂವತ್ತಾರನೇ ಕಿಲೋಮೀಟರಿನಲ್ಲಿ ಎರಡೂ ಮೊಣಕಾಲು ಒಪ್ಪಂದ ಮುರಿದವು. ಪಕ್ಕದಲ್ಲೇ ಒಂದು ಬಸ್ ಸ್ಟಾಪಿತ್ತು, ಅದರಲ್ಲಿ ಬೆಂಚಿತ್ತು. ಎರಡು ಸೀಟಿಗೆ ಏಳಲಿಲ್ಲ. ನಾಲ್ಕಕ್ಕೂ ಏಳಲಿಲ್ಲ.

"ಏನ್ರೀ, ಬ್ರೇಕ್‌ಡೌನಾ?"

"ಬ್ರೇಕ್‌ಡೌನು."

ಅವಳು ಸೀಟಿಯನ್ನು ಕೊರಳಿಗೆ ಇಳಿಬಿಟ್ಟಳು. ಆಮೇಲೆ ಡ್ಯೂಟಿಯ ದನಿಯಲ್ಲಿ ಹೇಳಿದಳು: "ರೂಲು ಗೊತ್ತಲ್ಲ. ಗಾಡಿ ಕೆಟ್ಟರೆ ಡ್ರೈವರ್ ಗಾಡಿ ಬಿಟ್ಟು ಹೋಗೋ ಹಾಗಿಲ್ಲ. ಕಂಡಕ್ಟರ್ ಮುಂದಕ್ಕೆ ಹೋಗಿ ವರದಿ ಕೊಡ್ಬೇಕು. ನೀವು ಇಲ್ಲೇ ಇರಿ."

ಹೇಳಿದವಳೇ ವರದಿ ಕೊಡಲು ಹೊರಟಳು. ಅದುವರೆಗೆ ಅವಳು ಗಂಡನ ವೇಗಕ್ಕೆ ತಕ್ಕಂತೆ ಕಾಲನ್ನು ಹಿಡಿದಿಟ್ಟು ಓಡುತ್ತಿದ್ದಳೆಂಬುದು ಅವಳ ಬೆನ್ನು ನೋಡಿದಾಗಲೇ ಅವನಿಗೆ ತಿಳಿದದ್ದು. ಬೆನ್ನು ಸಣ್ಣದಾಗುತ್ತ ಹೋಗಿ ತಿರುವಿನಲ್ಲಿ ಮರೆಯಾಯಿತು. ಮೂವತ್ತೊಂಬತ್ತರಲ್ಲಿ ಷಡ್ಡಕ ಮೀನಖಂಡ ಹಿಡಿದುಕೊಂಡು ಕಂಬಕ್ಕೆ ಒರಗಿದ್ದನಂತೆ. ಇವಳು ಓಡುತ್ತಲೇ, ನಿಮ್ದೂ ಬ್ರೇಕ್‌ಡೌನಾ, ಅದನ್ನೂ ಸೇರಿಸಿ ಹೇಳ್ತೀನಿ ಅಂದಳಂತೆ. ಅಷ್ಟು ಹೊತ್ತಿಗೆ ಅವನ ಗಡಿಯಾರದ ಚಾರ್ಜು ಕೂಡ ಮುಗಿದಿತ್ತಂತೆ.

ಇತ್ತ ಡ್ರೈವರ್ ಕೂತಿದ್ದ. ಬೆಂಚು ಹಿತವಾಗಿತ್ತು. ಆ ಹಿತವೇ ಅವನಿಗೆ ಹೆದರಿಕೆ ಹುಟ್ಟಿಸಿತು. ಹೀಗೆ ಕೂತು, ಹೋಗುವವರ ಎದೆಯ ಮೇಲಿನ ನಂಬರು ಓದುತ್ತಿದ್ದೇನೆ, ಗೇಟಿನ ಕುರ್ಚಿಯಲ್ಲಿ ಮಾಡಬೇಕಾದದ್ದೂ ಇದೇ ಅಲ್ಲವೇ ಎಂದು ಹೊಳೆದದ್ದೇ ಎದ್ದು ನಿಂತ. ಯಾರೂ ಸೀಟಿ ಊದಲಿಲ್ಲ, ಯಾರೂ ರೈಟ್ ಅನ್ನಲಿಲ್ಲ. ಕುಂಟುತ್ತ ಹೊರಟ. ಅವನು ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ರಸ್ತೆ ವಾಹನಗಳಿಗೆ ತೆರೆದಿತ್ತು. ಅವನದೇ ಡಿಪೋದ ಬಸ್ಸೊಂದು ಪಕ್ಕಕ್ಕೆ ಬಂದು ನಿಂತು ಬಾಗಿಲು ತೆರೆಯಿತು. ಹತ್ತಣ್ಣ, ಖಾಲಿ ಇದೆ ಎಂದು ಒಳಗಿನಿಂದ ಕರೆದರು. ಒಳಗೆ ಸೀಟು ಮೆತ್ತಗಿತ್ತು, ಬೆಚ್ಚಗಿತ್ತು. ಅವನು ಕೈ ಬೀಸಿ ಕಳಿಸಿಬಿಟ್ಟ. ಆ ಹನ್ನೊಂದು ದಿನದ ಧರಣಿಯ ಮೇಲೆ ಅವನು ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಅವನು ಮುಟ್ಟುವ ಹೊತ್ತಿಗೆ ಕುರ್ಚಿಗಳನ್ನು ಲಾರಿಗೆ ತುಂಬುತ್ತಿದ್ದರು. ಕಡೆಯ ಗೆರೆಯ ಮೇಲೆ ಹೆಂಡತಿ, ಕೊರಳಲ್ಲಿ ಪದಕ, ಕೈಯಲ್ಲಿ ಎರಡು ಬಾಳೆಹಣ್ಣು. ವರದಿ ಕೊಡಲು ಬಾಯಿ ತೆರೆಯುವಷ್ಟರಲ್ಲೇ ಕೊರಳಿಗೆ ಹಾಕಿಬಿಟ್ಟರು, ಬೇಡ ಅಂದರೂ ಕೇಳಲಿಲ್ಲ ಎಂದು ದೂರಿದಳು. ಹಣ್ಣುಗಳಲ್ಲಿ ದೊಡ್ಡದನ್ನು ಅವನಿಗೆ ಕೊಟ್ಟಳು. ನಾಲ್ಕು ತಿಂಗಳಲ್ಲಿ ಅವಳಾಗಿ ಅವನಿಗೆ ಕೊಟ್ಟ ಮೊದಲ ದೊಡ್ಡ ತಿನಿಸು ಅದು.

ಮುಂದಿನ ವಾರ ತಪಾಸಣೆ. ತೂಕ ಎಂಬತ್ತೊಂದು. ರಕ್ತದೊತ್ತಡವನ್ನು ಈಗ ಧೈರ್ಯವಾಗಿ ಹೇಳಬಹುದು, ನೂರಾ ಇಪ್ಪತ್ತೆಂಟು. ಡಾಕ್ಟರು ಎರಡು ಸಲ ಅಳೆದು, ಯಂತ್ರವನ್ನು ಒಮ್ಮೆ ಕುಟ್ಟಿ ನೋಡಿ, ಸ್ಟೇರಿಂಗಿಗೆ ಯೋಗ್ಯ ಎಂದು ಬರೆದರು. ಡ್ರೈವರ್ ಆ ಚೀಟಿ ಹಿಡಿದು ಎದೆಯುಬ್ಬಿಸಿಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ಹೆಂಡತಿ ಸರತಿಗೆ ನಿಂತಿದ್ದಳು. ಕಂಡಕ್ಟರುಗಳ ತಪಾಸಣೆ ಇರುವುದು ಮಳೆಗಾಲದಲ್ಲಲ್ಲವೇ ಎಂದು ಕೇಳಿದ. ಅವಳು ಗೋಡೆಯ ಮೇಲಿನ ನೋಟೀಸು ತೋರಿಸಿದಳು.

ಚಳಿಗಾಲಕ್ಕೆ ಮೊದಲೇ ಅಂಟಿಸಿದ್ದು. ಡ್ರೈವರುಗಳ ಕೊರತೆ ಇದೆ, ದೇಹದಾರ್ಢ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಂಡಕ್ಟರುಗಳಿಗೆ ಚಾಲನಾ ತರಬೇತಿ ಕೊಡಲಾಗುವುದು ಎಂದಿತ್ತು. ನಾಲ್ಕು ತಿಂಗಳು ಅದರ ಮುಂದೆಯೇ ಓಡಾಡಿದ್ದರೂ ಇವನು ಪಕ್ಕದ ಯೂನಿಯನ್ ಬೋರ್ಡನ್ನಷ್ಟೇ ಓದುತ್ತಿದ್ದ.

"ಅಂದ್ರೆ, ನೀನು ಚಳೀಲಿ ಎದ್ದು ಬರ್ತಿದ್ದದ್ದು..."

"ಅರ್ಧ ನಿಮಗೋಸ್ಕರ," ಎಂದಳು. "ಪೂರ್ತಿ ನಿಮಗೋಸ್ಕರಾನೇ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಅವಳ ನಾಡಿ ಹಿಡಿದ ಡಾಕ್ಟರು, ಡಿಪೋದಲ್ಲಿ ಇಂಥ ಹೃದಯ ಇನ್ನೊಂದಿಲ್ಲ ಎಂದರಂತೆ. ಮ್ಯಾನೇಜರು ಆ ಸಂಜೆಯೇ ಡ್ರೈವರನನ್ನು ಕರೆಸಿದರು. ಹೊಸಬರಿಗೆ ಕಲಿಸಲು ಅನುಭವಸ್ಥರು ಬೇಕು, ಆರೋಗ್ಯದ ಚೀಟಿಯೂ ಸರಿಯಿರಬೇಕು, ಎರಡೂ ಇರುವುದು ನಿಮಗೊಬ್ಬರಿಗೇ, ಮೂರು ತಿಂಗಳು ಸ್ಟೇರಿಂಗ್ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತು ಕಲಿಸಿ ಎಂದು ಅಪ್ಪಣೆ ಕೊಟ್ಟರು. ಮೊದಲ ಶಿಷ್ಯೆ ಯಾರೆಂದು ಕೇಳುವ ಗೋಜಿಗೆ ಅವನು ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಹಳೆಯ ಬಸ್ಸೊಂದು ಡಿಪೋದಿಂದ ಹೊರಗೆ ಬಂತು. ಮುಂದೆ ಅವಳು, ಪಕ್ಕದ ಸೀಟಿನಲ್ಲಿ ಅವನು, ಹಿಡಿಯಲು ಏನೂ ಇಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಮೂರನೆಯ ಬೀದಿಯಲ್ಲಿ ಒಂದು ಸೈಕಲ್ಲು ಅಡ್ಡ ನುಗ್ಗಿತು. ಅವನು ಬಲಗಾಲನ್ನು ಎತ್ತಿ ಜೀವ ಹೋಗುವ ಹಾಗೆ ನೆಲಕ್ಕೆ ಒತ್ತಿದ.

"ರೀ, ಅಲ್ಲಿ ಬ್ರೇಕಿಲ್ಲ," ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ಇಲ್ಲಿದೆ. ಹಾಕಿ ಆಯ್ತು."

ಬಸ್ಸು ನಿಂತಿತ್ತು, ಸೈಕಲ್ಲಿಗೆ ಇನ್ನೂ ಎರಡು ಮಾರು ಇತ್ತು. ಡ್ರೈವರ್ (ಯಾವ ಡ್ರೈವರ್ ಎಂದು ಇನ್ನು ಮುಂದೆ ಬಿಡಿಸಿ ಹೇಳಬೇಕಾಗುತ್ತದೆ) ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.