ದೊಡ್ಡಪ್ಪನಿಗೆ ಬಗ್ಗದ ಸ್ಟಿಕರ್

ನಮ್ಮ ದೊಡ್ಡಪ್ಪನನ್ನು ಶುಭಕಾರ್ಯಕ್ಕೆ ಕರೆದುಕೊಂಡು ಹೋಗುವುದೂ ಒಂದೇ, ಮಾನವನ್ನು ಮನೆಯಲ್ಲಿಟ್ಟು ಬೀಗ ಹಾಕಿ ಹೋಗುವುದೂ ಒಂದೇ! ಬೇರೆಯವರ ದೊಡ್ಡಪ್ಪಂದಿರು ಶಲ್ಯ ಹೊದ್ದು ಬರುತ್ತಾರೆ. ನಮ್ಮವರು ಹೀಟ್ ಗನ್ ಹಿಡಿದು ಬರುತ್ತಾರೆ. ನೋಡಲು ಅದು ಕೂದಲು ಒಣಗಿಸುವ ಡ್ರೈಯರಿನ ಹಾಗೇ ಇದೆ, ಆದರೆ ಅದರ ಗಾಳಿಗೆ ಬಾಗಿಲಿನ ಹಳೇ ಬಣ್ಣ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಮೇಲೆ, ಉಳಿದವರು ಕಾಶಿಗೆ ಹೋಗುವ ವಯಸ್ಸಿನಲ್ಲಿ, ಇವರು ಇದನ್ನು ಕೊಂಡರು.

ಕೊಂಡ ಹೊಸದರಲ್ಲೇ ಪಕ್ಕದ ಮನೆಯಾಕೆ ತಲೆಸ್ನಾನ ಮಾಡಿ ಬಂದು, "ಅಣ್ಣಾರೇ, ಒಂದೀಟು ನನ್ ತಲೀಗೂ ಹಿಡೀರಿ" ಅಂದರಂತೆ.

"ಹಿಡೀಬೋದವ್ವ. ಆಮ್ಯಾಲೆ ಬಾಚೋ ಕೆಲ್ಸಾನೇ ಇರಂಗಿಲ್ಲ" ಅಂದರಂತೆ ಇವರು.

ದಾವಣಗೆರೆಯ ನಮ್ಮ ಬಾಡಿಗೆ ಮನೆಯ ಬಾಗಿಲು ಕೆರೆಯಲು ಬಂದಾಗ ಅವರ ಶಾಸ್ತ್ರಗಳನ್ನು ನೋಡಬೇಕಿತ್ತು. ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಕಿಟಕಿ ತೆರೆಯದೆ ಹಚ್ಚುವಂತಿಲ್ಲ. ಒಂದೇ ಕಡೆ ಹಿಡಿದು ನಿಲ್ಲುವಂತಿಲ್ಲ. "ಹಂಚಿಗೆ ಎಣ್ಣೆ ಸವರ್ದಂಗೆ ಆಡಿಸ್ತಿರ್ಬೇಕು. ನಿಂತ್ಯೋ, ಸುಡ್ತು." ಕೆಲಸ ಮುಗಿದ ಮೇಲೆ ಗನ್ನನ್ನು ಮೂತಿ ಮೇಲೆ ಮಾಡಿ ನೆಲದಲ್ಲಿ ನಿಲ್ಲಿಸಿದರು. ಆರುವ ತನಕ ಯಾರೂ ಹತ್ತಿರ ಸುಳಿಯಬಾರದೆಂದು ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಬೇರೆ ಎಳೆದರು. ಅಷ್ಟರಲ್ಲಿ ಬಂದ ಮನೆ ಮಾಲೀಕರ ತಾಯಿ ಅದನ್ನು ಕಂಡು, ಕಿವಿಯ ಮೇಲಿನ ದಾಸವಾಳ ತೆಗೆದು ಏರಿಸಲು ಬಗ್ಗಿಬಿಟ್ಟರು!

"ದೂರದಿಂದ್ಲೇ ಕೈ ಮುಗೀರವ್ವ," ಅಂದರು ದೊಡ್ಡಪ್ಪ, "ದೇವ್ರು ಇನ್ನಾ ಆರಿಲ್ಲ."

ಓಣಿಯೆಲ್ಲ ನಕ್ಕಿತು. ನನಗೆ ನಾಚಿಕೆಯಿಂದ ಮೂರು ದಿನ ಮಾಲೀಕರ ಮುಖ ನೋಡಲಾಗಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಅವರ ಹುಟ್ಟಾ ವೈರಿ ಯಾರು ಗೊತ್ತೇ? ಸ್ಟೀಲ್ ಪಾತ್ರೆಯ ಮೇಲಿನ ಸ್ಟಿಕರ್. ನಮ್ಮ ಕಡೆ ಅದನ್ನು ಯಾರೂ ಕೀಳುವುದಿಲ್ಲ. ಕಿತ್ತರೆ ಪಾತ್ರೆ ಹಳೆಯದಾಯಿತು, ಹಳೆಯದಾದರೆ ಇನ್ನೊಬ್ಬರ ಮನೆಗೆ ಉಡುಗೊರೆ ಕೊಡಲು ಬರುವುದಿಲ್ಲ ನೋಡಿ! ದೊಡ್ಡಪ್ಪನ ವಾದವೇ ಬೇರೆ. "ಸ್ಟಿಕರ್ ಇರೋತನ್ಕ ಅದು ಅಂಗಡೀದು. ಕಿತ್ತಮ್ಯಾಲೇ ಮನೀದು." ಹೋದ ಮನೆಯಲ್ಲೆಲ್ಲ ಅಡುಗೆಮನೆಗೆ ನುಗ್ಗಿ, ಗನ್ನಿನ ಬಿಸಿಗೆ ಗೋಂದು ಕರಗಿಸಿ ಕೀಳುತ್ತಾರೆ.

ಈಚೆಗೆ ಶಾಮನೂರಿನ ಹೊಸ ಬಡಾವಣೆಯಲ್ಲಿ ನನ್ನ ನಾದಿನಿಯ ಗೃಹಪ್ರವೇಶ. ಉಡುಗೊರೆಗೆ ಅಂಗಡಿಗೆ ಹೋಗುವ ಸೋಮಾರಿತನಕ್ಕೆ ನಾನೂ ನನ್ನ ಹೆಂಡತಿಯೂ ಅಟ್ಟದ ಮೇಲಿನ ಸ್ಟೀಲ್ ಕೊಡವೊಂದನ್ನು ಇಳಿಸಿದೆವು. ಒಮ್ಮೆಯೂ ನೀರು ಕಾಣದ ಕೊಡ. ಒಂದೇ ತೊಡಕು, ಅದರ ಮೇಲೆ ಹೆಸರು ಕೊರೆಸಿದ್ದರು: 'ದೊಡ್ಡಪ್ಪ ದೊಡ್ಡಮ್ಮನ ಆಶೀರ್ವಾದ'. ನಮ್ಮ ಮದುವೆಗೆ ಅವರಿಬ್ಬರೂ ಕೊಟ್ಟದ್ದು. ದೊಡ್ಡಮ್ಮ ಈಗಿಲ್ಲ. ಇನ್ನೊಂದು ಪಾತ್ರೆಯ ದೊಡ್ಡ ಸ್ಟಿಕರನ್ನು ಹೆಂಡತಿಯ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಹರಿಯದಂತೆ ಎಬ್ಬಿಸಿ, ಆ ಹೆಸರಿನ ಮೇಲೆ ಮೆತ್ತಿದೆ. ವಿದ್ಯೆ ಕಲಿಸಿದ ಗುರು ಯಾರೆಂದು ಬೇರೆ ಹೇಳಬೇಕೇ?

ನನ್ನ ಮಾವನವರು ದೊಡ್ಡಪ್ಪನನ್ನೂ ಕರೆದಿದ್ದರೆಂದು ನನಗೆ ಗೊತ್ತಾದದ್ದು, ಅವರು ಚೀಲದಿಂದ ಗನ್ ತೆಗೆದಾಗಲೇ.

ಊಟವಾಗಿ ಬಂಧುಗಳೆಲ್ಲ ನಡುಮನೆಯಲ್ಲಿ ಕೂತಿದ್ದರು. ದೊಡ್ಡಪ್ಪ ಒಂದೊಂದೇ ಪಾತ್ರೆಯ ಸ್ಟಿಕರ್ ಕೀಳುತ್ತಿದ್ದರು. ಮಾವನವರು ಕೊಡ ಎತ್ತಿಕೊಟ್ಟು, "ಬೀಗರೇ, ಇದು ನಮ್ ಅಳಿಯಂದ್ರು ಕೊಟ್ಟಿದ್ದು. ಇದ್ರದೂ ತೆಗೀರಿ" ಅಂದರು.

"ಬ್ಯಾಡ ದೊಡ್ಡಪ್ಪ, ದಣಿದೀಯ" ಅಂದೆ. ಕೇಳುವವರುಂಟೇ? ಕರೆಂಟಾದರೂ ಹೋಗಲಿ ಎಂದು ದೇವರಿಗೆ ಹರಕೆ ಹೊತ್ತೆ. ಬೇಡದಾಗೆಲ್ಲ ಹೋಗುವ ಕರೆಂಟು ಅವತ್ತು ಅಲುಗಲಿಲ್ಲ. ಗನ್ ಗುಂಯ್‌ಗುಟ್ಟಿತು, ಸ್ಟಿಕರಿನ ಮೂಲೆ ಎದ್ದಿತು. ಅದರಡಿಯಲ್ಲಿ ಚುಕ್ಕೆಚುಕ್ಕೆಯಾಗಿ ಒಂದು 'ದೊ' ನನಗೇ ಕಂಡಿತು ಎಂದ ಮೇಲೆ ಅವರಿಗೆ ಕಾಣದಿರುತ್ತದೆಯೇ? ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನೊಂದು ಬೆರಳಷ್ಟು ಎದ್ದರೆ ಮಾವನವರ ಮುಂದೆ, ನೆಂಟರ ಮುಂದೆ ನನ್ನ ಮಾನ ಮೂರು ಕಾಸಿಗೆ ಹರಾಜು.

ದೊಡ್ಡಪ್ಪ ಗನ್ ಆರಿಸಿದರು. ಕೈಗವಸು ಕಿತ್ತರು. ಸುಡುವ ಕೊಡದ ಮೇಲೆ ಬರಿ ಹೆಬ್ಬೆರಳಿಟ್ಟು ಆ ಮೂಲೆಯನ್ನು ಒತ್ತಿ ಹಿಡಿದರು, ಅದು ಮತ್ತೆ ಅಂಟುವ ತನಕ.

"ಇದು ಬರಂಗಿಲ್ಲ ಬೀಗರೇ," ಅಂದರು. "ಗೋಂದು ಗಟ್ಟಿ ಐತೆ. ಹಂಗೇ ಇರ್ಲಿ."

"ನಿಮ್ಗೂ ಬಗ್ಗದ ಸ್ಟಿಕರ್ ಐತೆ ಅಂತಾತು!" ಎಂದು ಮಾವನವರು ನಕ್ಕರು. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು.

ಆಮೇಲೆ ಹುಡುಕಿದರೆ ಹಿತ್ತಲ ನಲ್ಲಿಯ ಕೆಳಗೆ ಹೆಬ್ಬೆರಳು ಹಿಡಿದು ಕೂತಿದ್ದರು. ಬೆರಳು ಕೆಂಪಗೆ ಗುಳ್ಳೆ ಎದ್ದಿತ್ತು.

"ದೊಡ್ಡಪ್ಪ, ತಪ್ಪಾತು" ಅಂದೆ.

ಅವರು ತಲೆ ಎತ್ತಲಿಲ್ಲ. "ಸ್ಟಿಕರ್ ಚೆಂದ ಅಂಟ್ಸಿದ್ದಿ. ಎಲ್ಲೂ ಹರ್ದಿಲ್ಲ, ಗಾಳಿ ನಿಂತಿಲ್ಲ" ಅಂದರು. ನಲ್ಲಿಯನ್ನು ಇನ್ನಷ್ಟು ತಿರುವಿ, "ಆ ಅಕ್ಷರ ನಿಮ್ ದೊಡ್ಡವ್ವನೇ ಅಂಗಡೀಲಿ ಕುಂತು ಬರೆಸಿದ್ಲು. ಅಳಿಸಿಲ್ಲಲ್ಲ, ಅದ್ರಡಿ ಅದಾಳೆ ಬಿಡು" ಅಂದರು.

ನಾನು ಪಕ್ಕದಲ್ಲಿ ಕೂತು ಅವರ ಕೈಯನ್ನು ನೀರಿನಡಿ ಹಿಡಿದುಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ.